ರೈಲಿಲ್ಲದ ಜಿಲ್ಲೆಯವನ ಶಂಟಿಂಗ್ ಪುರಾಣ

ಕೊಡಗಿನವನಾಗಿ ರೈಲಿನ ಬಗ್ಗೆ ಬರೆಯೋದಕ್ಕೆ ನನಗೇ ಸ್ವಲ್ಪ ನಾಚಿಕೆ. ಕರ್ನಾಟಕದಲ್ಲಿ ಒಂದು ಮೀಟರ್ ಹಳಿಯೂ ಇಲ್ಲದ ಜಿಲ್ಲೆ ನಮ್ಮದು. "ನಿಮ್ಮೂರ ರೈಲ್ವೆ ಸ್ಟೇಷನ್ ಎಲ್ಲಿದೆ?" ಅಂತ ಯಾರಾದರೂ ಕೇಳಿದರೆ, "ಮೈಸೂರಲ್ಲಿದೆ, ಹಾಸನದಲ್ಲಿದೆ, ಆ ಕಡೆ ಇಳಿದರೆ ತಲಶ್ಶೇರಿಯಲ್ಲೂ ಇದೆ, ನಿಮಗೆ ಯಾವುದು ಬೇಕು?" ಅಂತ ಕೇಳೋದು ನಮ್ಮ ಹಳೇ ಜೋಕು. ಆದರೂ ಈ ಪೋಸ್ಟ್ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಕಾರಣ ನಮ್ಮ ಮಾವ.

ನಮ್ಮ ಕಡೆ ಹುಡುಗರು ಮನೆ ಬಿಟ್ಟು ಕೆಲಸಕ್ಕೆ ಹೋಗ್ತಾರೆ ಅಂದರೆ ಮಿಲಿಟರಿಗೆ ಅಂತಲೇ ಅರ್ಥ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಮಾತ್ರ ಅಮ್ಮನ ತಮ್ಮ ರೈಲ್ವೆ ಸೇರಿಕೊಂಡರು. ಕ್ಲೀನರ್ ಆಗಿ ಹೋದವರು, ಫೈರ್‌ಮನ್ ಆಗಿ, ಶಂಟರ್ ಆಗಿ, ಕೊನೆಗೆ ಗೂಡ್ಸ್ ಡ್ರೈವರ್ ಆದರು. ಮದುವೆ ಮನೆಗಳಲ್ಲಿ ಅವರನ್ನು "ರೈಲಿಲ್ಲದ ಊರಿನ ರೈಲು ಮಾವ" ಅಂತ ಕಿಚಾಯಿಸುತ್ತಿದ್ದರು. ಆಮೇಲೆ ಒಂದು ವರ್ಷ ಕಣ್ಣಿನ ಪರೀಕ್ಷೆಯಲ್ಲಿ ದೃಷ್ಟಿ ಸಾಲದು ಅಂತ ಬಂತು. ಮೈನ್ ಲೈನಿನಿಂದ ಇಳಿಸಿ ಶೆಡ್ಡಿನ ಕೆಲಸ ಕೊಟ್ಟರು. ನಿಯಮ ನಿಯಮವೇ, ಯಾರ ತಪ್ಪೂ ಅಲ್ಲ. ಆದರೆ ಆ ವರ್ಷ ಹುತ್ತರಿ ಹಬ್ಬಕ್ಕೆ ಮಾವ ಬಂದಾಗ ರೈಲಿನ ಸುದ್ದಿ ಎತ್ತಲೇ ಇಲ್ಲ. ಯಾರೂ ಕಿಚಾಯಿಸಲೂ ಇಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಅವರಿದ್ದ ಜಂಕ್ಷನ್ನಿಗೆ ನನ್ನನ್ನು ಕರೆದುಕೊಂಡು ಹೋದರು. ಮೀಟರ್ ಗೇಜಿನ ಕಾಲ ಅದು. ನಾನು ನೋಡಬೇಕು ಅಂದುಕೊಂಡಿದ್ದು ಮೇಲ್ ಗಾಡಿ ಎಳೆಯುವ ವೈಪಿ ಎಂಜಿನ್. ಮಾವ ತೋರಿಸಿದ್ದು ಯಾರ್ಡಿನ ಮೂಲೆಯಲ್ಲಿ ಮಸಿ ಹಿಡಿದು ನಿಂತಿದ್ದ ಒಂದು ಹಳೇ ಗೂಡ್ಸ್ ಎಂಜಿನ್. ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಅರ್ಧ ಮೈಲಿ ಮುಂದೆ, ಅರ್ಧ ಮೈಲಿ ಹಿಂದೆ. ವ್ಯಾಗನ್ ತಳ್ಳು, ನಿಲ್ಲು, ಬಿಡು, ಇನ್ನೊಂದು ಲೈನಿಗೆ ಹೋಗು, ಮತ್ತೆ ತಳ್ಳು. ಹಸಿರು ಬಾವುಟ, ಕೆಂಪು ಬಾವುಟ, ಒಂದು ಸಣ್ಣ ಕೂಗು, ಧಡ್ ಅಂತ ಬಫರಿಗೆ ಬಫರ್ ಬಡಿಯೋದು. "ಇದಕ್ಕೆ ವಯಸ್ಸಾಯ್ತಾ ಮಾವ?" ಅಂತ ಕೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ವಯಸ್ಸಾಗಿದ್ದು ಹೌದು. ಆದ್ರೆ ಇದು ಒಂದು ದಿನ ಕೆಟ್ರೆ ಈ ಜಂಕ್ಷನ್ನಿನಿಂದ ಒಂದು ಗೂಡ್ಸೂ ಹೊರಡುದಿಲ್ಲ" ಅಂದರು.

ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತ್ತು. ಆಮೇಲೆ ಬೆಂಗಳೂರಿಗೆ ಬಂದು, ಕೆಲಸ ಹಿಡಿದು, ಇಂಟರ್ನೆಟ್ಟು ಕೈಗೆ ಸಿಕ್ಕ ಮೇಲೆ ಹಳೇ ಎಂಜಿನ್‌ಗಳ ಬಗ್ಗೆ ಓದುವ ಹುಚ್ಚು ಹತ್ತಿತು. (ನನ್ನ ಹೆಂಡತಿ ಇದನ್ನು "ಇದ್ದಿಲು ರೋಗ" ಅಂತಾಳೆ.) ಆಗ ಗೊತ್ತಾಗಿದ್ದು, ಮುದಿ ಗೂಡ್ಸ್ ಎಂಜಿನ್ ಯಾರ್ಡಿಗೆ ಬರೋದರಲ್ಲಿ ಎರಡು ಥರ ಇದೆ ಅಂತ. ಒಂದು ನಮ್ಮ ದೇಶದ ಥರ, ಸುಮ್ಮನೆ ಕೆಳಗಿಳಿಸೋದು. ಇನ್ನೊಂದು ಅಮೆರಿಕ, ಇಂಗ್ಲೆಂಡಿನವರು ಮಾಡಿದ್ದು. ಅವರು ಎಂಜಿನ್ನನ್ನು ವರ್ಕ್‌ಶಾಪಿಗೆ ಕರೆಸಿ, ಬಿಚ್ಚಿ, ಕತ್ತರಿಸಿ, ಶಂಟಿಂಗಿಗೆ ಅಂತಲೇ ಹೊಸದಾಗಿ ಕಟ್ಟುತ್ತಿದ್ದರು.

ಸ್ವಲ್ಪ ಲೆಕ್ಕ ಹೇಳಬೇಕು, ಬೇಜಾರು ಮಾಡ್ಕೋಬೇಡಿ.

ಉಗಿ ಎಂಜಿನ್‌ಗಳನ್ನು ಚಕ್ರಗಳ ಎಣಿಕೆಯಿಂದ ಗುರುತಿಸುತ್ತಾರೆ. 2-8-2 ಅಂದರೆ ಮುಂದೆ ಎರಡು ಸಣ್ಣ ಚಕ್ರ, ನಡುವೆ ಎಂಟು ದೊಡ್ಡ ಚಕ್ರ, ಹಿಂದೆ ಮತ್ತೆರಡು ಸಣ್ಣ ಚಕ್ರ. ಸಿಲಿಂಡರ್ ತಿರುಗಿಸೋದು ನಡುವಿನ ಎಂಟನ್ನು ಮಾತ್ರ. ಮುಂದಿನ ಸಣ್ಣವು ದಾರಿ ತೋರಿಸುವುದಕ್ಕೆ. ಗಾಡಿ ವೇಗವಾಗಿ ತಿರುವಿಗೆ ಬಂದಾಗ ಎಂಜಿನ್ನಿನ ಮೂತಿಯನ್ನು ಮೆಲ್ಲಗೆ ತಿರುಗಿಸಿ, ದೊಡ್ಡ ಚಕ್ರ ಹಳಿ ಹತ್ತದ ಹಾಗೆ ನೋಡಿಕೊಳ್ಳುತ್ತವೆ. ಹಿಂದಿನವು ಬೆಂಕಿ ಉರಿಯುವ ಫೈರ್‌ಬಾಕ್ಸಿನ ಭಾರ ಹೊರಲಿಕ್ಕೆ.

ಈಗ ಎಂಜಿನ್ ಎಷ್ಟು ಎಳೆಯುತ್ತದೆ ಅನ್ನೋದು ಬರೀ ಉಗಿಯ ಶಕ್ತಿಯಲ್ಲಿಲ್ಲ. ಆ ಎಂಟು ಚಕ್ರಗಳು ಹಳಿಯನ್ನು ಎಷ್ಟು ಒತ್ತಿ ಹಿಡಿದಿವೆ ಅನ್ನೋದರಲ್ಲಿದೆ. ಉಕ್ಕಿನ ಮೇಲೆ ಉಕ್ಕು ಜಾರುತ್ತದೆ. ಒಣ ಹಳಿಯ ಮೇಲೆ, ಚಕ್ರದ ಮೇಲಿರುವ ತೂಕದ ಸುಮಾರು ಕಾಲು ಭಾಗದಷ್ಟು ಎಳೆಯಬಹುದು, ಅದಕ್ಕಿಂತ ಜಾಸ್ತಿ ಎಳೆದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ನಮ್ಮ ಮಳೆಗಾಲದಲ್ಲಿ ತೋಟದ ಏರಿನಲ್ಲಿ ಜೀಪಿನ ಹಿಂದಿನ ಚಕ್ರ ಕೆಸರಲ್ಲಿ ಗಿರಗಿರ ಸುತ್ತೋದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಗ ನಾವು ಏನು ಮಾಡ್ತೇವೆ? ಹಿಂದೆ ನಾಲ್ಕು ಜನ ಹತ್ತಿ ಕೂರ್ತೇವೆ. ಚಕ್ರದ ಮೇಲೆ ಭಾರ ಬಿದ್ದರೆ ಜೀಪು ಮೇಲೆ ಹತ್ತುತ್ತದೆ.

ಲೆಕ್ಕಕ್ಕೆ ಅಂತ ಒಂದು ಎಂಜಿನ್ ತಗೊಳ್ಳಿ. ಒಟ್ಟು 120 ಟನ್. ಅದರಲ್ಲಿ ಮುಂದಿನ ಸಣ್ಣ ಚಕ್ರಗಳ ಮೇಲೆ 12, ಹಿಂದಿನದರ ಮೇಲೆ 20, ಎಳೆಯುವ ಚಕ್ರಗಳ ಮೇಲೆ 88. ಎಳೆತ ಹೆಚ್ಚೆಂದರೆ 22 ಟನ್. ಯಾರ್ಡಿನಲ್ಲಿ ಎಂಜಿನ್ ಓಡುವುದು ಮನುಷ್ಯ ಓಡುವ ವೇಗದಲ್ಲಿ. ಅಲ್ಲಿ ದಾರಿ ತೋರಿಸುವ ಚಕ್ರಕ್ಕೆ ಕೆಲಸವೇ ಇಲ್ಲ, ಸುಮ್ಮನೆ ಕೂತು ಉಣ್ಣುವ ನೆಂಟ ಅದು! ಅದನ್ನು ಕಿತ್ತು ಹಾಕಿ. ಅದರ ಸ್ವಂತ ತೂಕ ಕಳೆದರೂ ಎಳೆಯುವ ಚಕ್ರಗಳ ಮೇಲೆ 96-97 ಟನ್ ಬೀಳುತ್ತದೆ. ಎಳೆತ 24 ಟನ್ ದಾಟುತ್ತದೆ. ಆ ಎರಡು ಟನ್ನಿನ ವ್ಯತ್ಯಾಸದಲ್ಲಿ ಸಮತಟ್ಟಾದ ಹಳಿಯ ಮೇಲೆ ನಿಂತ ಆರೇಳು ತುಂಬಿದ ವ್ಯಾಗನ್‌ಗಳನ್ನು ಹೆಚ್ಚಿಗೆ ಅಲುಗಿಸಬಹುದು. ಹಳಿಗೂ ಸೇತುವೆಗೂ ಅಷ್ಟು ಭಾರ ತಡೆಯಬೇಕು ಅನ್ನೋದು ನಿಜ, ಆದರೆ ನಿಧಾನವಾಗಿ ಹೋಗುವ ಯಾರ್ಡಿನಲ್ಲಿ ಅದನ್ನು ಸಂಭಾಳಿಸಬಹುದು.

ಅಮೆರಿಕದಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರಲ್ಲಿ ಇಲಿನಾಯ್ ಸೆಂಟ್ರಲ್ ರೈಲ್ವೆಯವರು ಮುಖ್ಯ. ಕೆಂಟಕಿ ರಾಜ್ಯದ ಪಡೂಕಾ ಅನ್ನುವ ಊರಲ್ಲಿ ಅವರ ದೊಡ್ಡ ವರ್ಕ್‌ಶಾಪ್ ಇತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೊಸ ಎಂಜಿನ್ ಕೊಳ್ಳಲು ದುಡ್ಡಿಲ್ಲ, ಆದರೆ ಶೆಡ್ಡುಗಳ ತುಂಬ ಹಳೇ ಎಂಜಿನ್‌ಗಳು. ಆ ದಶಕದ ಕೊನೆಯಿಂದ 1940ರ ದಶಕದ ಆರಂಭದವರೆಗೆ ಪಡೂಕಾದಲ್ಲಿ ಅವರು ತಮ್ಮ ಹಳೇ ಎಂಜಿನ್‌ಗಳನ್ನೇ ಸಾಲಾಗಿ ಬಿಚ್ಚಿ ಕಟ್ಟಿದರು. ಹಳೆಯ 2-10-2 ಗೂಡ್ಸ್ ಎಂಜಿನ್‌ಗಳ ಹಿಂದು ಮುಂದಿನ ಸಣ್ಣ ಚಕ್ರಗಳನ್ನು ತೆಗೆದು 0-10-0 ಮಾಡಿದರು. ಹತ್ತೂ ಚಕ್ರ ಎಳೆಯುವವೇ. ಇನ್ನೂ ವಿಚಿತ್ರ ಅಂದರೆ 2-8-2 ಎಂಜಿನ್‌ಗಳ ಮುಂದಿನ ಚಕ್ರ ಮಾತ್ರ ತೆಗೆದು, ಹಿಂದಿನದನ್ನು ಹಾಗೇ ಬಿಟ್ಟು 0-8-2 ಮಾಡಿದ್ದು. ನೋಡಲಿಕ್ಕೆ ಮೂತಿ ಕುಯ್ದ ಹಾಗೆ! ಫೈರ್‌ಬಾಕ್ಸ್ ದೊಡ್ಡದು, ಅದರ ಭಾರ ಹೊರಲು ಹಿಂದೆ ಚಕ್ರ ಬೇಕೇ ಬೇಕು, ಅದಕ್ಕೆ ಹಾಗೆ. ಬಾಲ್ಟಿಮೋರ್ ಅಂಡ್ ಓಹಾಯೋ ರೈಲ್ವೆ ಕೂಡ ತನ್ನ ಹಳೇ 2-8-0 ಎಂಜಿನ್‌ಗಳನ್ನು 0-8-0 ಶಂಟಿಂಗ್ ಎಂಜಿನ್ ಮಾಡಿಕೊಂಡಿತ್ತು.

ಇದು ಬರೀ ಚಕ್ರ ಬಿಚ್ಚುವ ಕೆಲಸ ಅಲ್ಲ. ಮುಂದಿನ ಚಕ್ರ ತೆಗೆದ ಕೂಡಲೇ ಸಿಲಿಂಡರಿನ ಭಾರವೆಲ್ಲ ಮೂತಿಗೆ ಬಂದು ಮೊದಲನೇ ದೊಡ್ಡ ಚಕ್ರದ ಮೇಲೆ ಕೂರುತ್ತದೆ. ಎಂಟೂ ಚಕ್ರಗಳಿಗೆ ಭಾರ ಸಮ ಹಂಚುವಂತೆ ಸ್ಪ್ರಿಂಗುಗಳನ್ನೂ ಅವುಗಳ ನಡುವಿನ ಸನ್ನೆಗಳನ್ನೂ ಮತ್ತೆ ಜೋಡಿಸಬೇಕು. ಮುಂದಿನ ದನ ತಳ್ಳುವ ಜಾಲರಿ ತೆಗೆದು, ಶಂಟಿಂಗ್ ಆಳುಗಳು ನಿಂತು ಹೋಗಲು ಅಡ್ಡ ಹಲಗೆ ಹಾಕಬೇಕು. ಹಿಂದಿನ ಟೆಂಡರಿನ ಬೆನ್ನನ್ನು ಇಳಿಜಾರಾಗಿ ಕತ್ತರಿಸುವುದೂ ಇತ್ತು, ಹಿಂದಕ್ಕೆ ಹೋಗುವಾಗ ಡ್ರೈವರಿಗೆ ಹಳಿ, ಬಾವುಟ, ಆಳು ಎಲ್ಲ ಕಾಣಲಿ ಅಂತ. ಈ ಕೊನೆಯದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಎರಡು ಬಫರ್ ನಡುವೆ ನುಸುಳಿ ಕಪ್ಲಿಂಗ್ ಸಿಕ್ಕಿಸುವ ಮನುಷ್ಯನ ಜೀವ ಡ್ರೈವರಿನ ಕಣ್ಣಿನಲ್ಲಿರುತ್ತದೆ. ಮಾವನ ಕಣ್ಣಿನ ಪರೀಕ್ಷೆಯ ವಿಷಯ ನನಗೆ ಸರಿಯಾಗಿ ಅರ್ಥವಾಗಿದ್ದು ಇದನ್ನು ಓದಿದಾಗಲೇ.

ಇಂಗ್ಲೆಂಡಿನ ಕತೆ ಇನ್ನೂ ಚೆನ್ನಾಗಿದೆ. ಗ್ರೇಟ್ ಸೆಂಟ್ರಲ್ ರೈಲ್ವೆಗೆ ಜೆ. ಜಿ. ರಾಬಿನ್ಸನ್ ಅನ್ನುವ ಎಂಜಿನಿಯರ್ 1902ರಿಂದ ಒಂದು 0-8-0 ಗೂಡ್ಸ್ ಎಂಜಿನ್ ಮಾಡಿಸಿದ್ದರು, ಕಲ್ಲಿದ್ದಲು ಎಳೆಯಲಿಕ್ಕೆ. ನಲವತ್ತು ವರ್ಷ ಆದ ಮೇಲೆ ಎರಡನೇ ಮಹಾಯುದ್ಧ. ಅಷ್ಟೊತ್ತಿಗೆ ಆ ಎಂಜಿನ್‌ಗಳೆಲ್ಲ ಎಲ್‌ಎನ್‌ಇಆರ್ ಅನ್ನುವ ದೊಡ್ಡ ಕಂಪನಿಯ ಪಾಲಾಗಿ, ಕ್ಯೂ4 ಅಂತ ಹೆಸರು ಪಡೆದು ಗುಜರಿಗೆ ಹೋಗುವ ಸಾಲಿನಲ್ಲಿದ್ದವು. ಯುದ್ಧದ ಸಾಮಾನು, ಉಕ್ಕು, ಕಲ್ಲಿದ್ದಲಿನಿಂದ ಯಾರ್ಡುಗಳು ಉಸಿರು ಕಟ್ಟುತ್ತಿದ್ದವು. ಆಗ ಆ ಕಂಪನಿಯ ಮುಖ್ಯ ಎಂಜಿನಿಯರ್ ಎಡ್ವರ್ಡ್ ಥಾಂಪ್ಸನ್ 1942ರಿಂದ 1945ರ ನಡುವೆ 13 ಕ್ಯೂ4 ಎಂಜಿನ್‌ಗಳ ಟೆಂಡರ್ ಕಳಚಿ, ನೀರಿನ ಟ್ಯಾಂಕುಗಳನ್ನು ಬಾಯ್ಲರಿನ ಎರಡು ಪಕ್ಕಕ್ಕೆ ಕೂರಿಸಿ, ಟ್ಯಾಂಕ್ ಎಂಜಿನ್ ಮಾಡಿಸಿದರು. ಹೆಸರು ಕ್ಯೂ1.

ಇಲ್ಲೊಂದು ಉಪಾಯ ಗಮನಿಸಿ. ಟೆಂಡರಿನಲ್ಲಿದ್ದ ನೀರು, ಕಲ್ಲಿದ್ದಲು ಬರೀ ಎಳೆದುಕೊಂಡು ಹೋಗಬೇಕಾದ ಹೊರೆ. ಅದೇ ನೀರು ಎಂಜಿನ್ನಿನ ಬೆನ್ನಿಗೆ ಬಂದರೆ ಎಳೆಯುವ ಚಕ್ರವನ್ನು ಒತ್ತುವ ಭಾರ ಆಗುತ್ತದೆ. ಹೊರೆಯೇ ಬಲ ಆಯ್ತು. ಎಡವಟ್ಟು ಏನಪ್ಪಾ ಅಂದ್ರೆ ನೀರು ಖರ್ಚಾದ ಹಾಗೆ ಆ ಬಲವೂ ಇಳಿಯುತ್ತದೆ, ಸಂಜೆ ಹೊತ್ತಿಗೆ ಎಂಜಿನ್ ಜಾರಲು ಶುರು. ಯಾರ್ಡಿನಲ್ಲಿ ನೀರಿನ ಕಂಬ ಕೂಗಳತೆಯಲ್ಲಿ ಇರೋದರಿಂದ ನಡೆಯಿತು. ಇನ್ನಷ್ಟು ಎಂಜಿನ್‌ಗಳನ್ನು ಹೀಗೆ ಬದಲಾಯಿಸುವ ಯೋಜನೆ ಇತ್ತು, ಆದರೆ 13ಕ್ಕೇ ನಿಂತಿತು. ಡೀಸೆಲ್ ಶಂಟಿಂಗ್ ಎಂಜಿನ್‌ಗಳು ಬಂದು 1950ರ ದಶಕದಲ್ಲೇ ಇವೆಲ್ಲ ಗುಜರಿಗೆ ಹೋದವು. ಒಂದನ್ನೂ ಉಳಿಸಲಿಲ್ಲ. ರಾಜ ಠೀವಿಯ ಎಕ್ಸ್‌ಪ್ರೆಸ್ ಎಂಜಿನ್‌ಗಳನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟು ಒರೆಸ್ತಾರೆ, ಯುದ್ಧಕಾಲದಲ್ಲಿ ಹಗಲು ರಾತ್ರಿ ವ್ಯಾಗನ್ ತಳ್ಳಿದ್ದನ್ನು ಯಾರೂ ಇಡಲಿಲ್ಲ ನೋಡಿ.

ನಮ್ಮ ದೇಶದಲ್ಲಿ ಏನಾಯ್ತು? ಬ್ರಿಟಿಷರ ಕಾಲದಲ್ಲಿ, 1903ರ ನಂತರ, ಭಾರತದ ಬ್ರಾಡ್ ಗೇಜಿಗೆ ಒಂದೇ ಮಾದರಿಯ ಎಂಜಿನ್‌ಗಳು ಇರಲಿ ಅಂತ ಗುಣಮಟ್ಟ ಗೊತ್ತು ಮಾಡಿದರು. ಅದರಲ್ಲಿ ಎಸ್‌ಜಿ ಅನ್ನುವ 0-6-0 ಗೂಡ್ಸ್ ಎಂಜಿನ್ ಒಂದು. ಇದು ಬಾಯ್ಲರಿನಿಂದ ನೇರ ಬಂದ ಹಸಿ ಉಗಿಯಲ್ಲಿ ಓಡುತ್ತಿತ್ತು. ಆಮೇಲೆ ಸೂಪರ್‌ಹೀಟರ್ ಬಂತು. ಉಗಿಯನ್ನು ಸಿಲಿಂಡರಿಗೆ ಬಿಡುವ ಮೊದಲು ಇನ್ನೊಮ್ಮೆ ಕಾಯಿಸಿದರೆ, ಸಿಲಿಂಡರಿನಲ್ಲಿ ಅದು ತಣ್ಣಗಾಗಿ ನೀರಾಗುವುದಿಲ್ಲ. ಕಲ್ಲಿದ್ದಲೂ ನೀರೂ ಎದ್ದು ಕಾಣುವಷ್ಟು ಉಳಿಯುತ್ತವೆ. ಹಳೇ ಎಸ್‌ಜಿಗಳಿಗೆ ಇದನ್ನು ಹಾಕಿ ಮತ್ತೆ ಕಟ್ಟಿದಾಗ ಅವು ಎಸ್‌ಜಿಸಿ ಆದವು. ಆ ಕೊನೆಯ 'ಸಿ' ಅಂದರೆ ಪರಿವರ್ತನೆ ಆದದ್ದು ಅಂತ. ಹೀಗೆ ಇನ್ನೊಂದು ಆಯುಷ್ಯ ಪಡೆದ ಎಂಜಿನ್‌ಗಳೇ ಸ್ವಾತಂತ್ರ್ಯದ ನಂತರ ಎಷ್ಟೋ ಯಾರ್ಡುಗಳಲ್ಲಿ ಶಂಟಿಂಗ್ ಮಾಡಿದವು. ಇದರ ಅಣ್ಣತಮ್ಮಂದಿರು ಗಡಿಯಾಚೆ ಪಾಕಿಸ್ತಾನದ ಮಲಕ್ವಾಲ್‌ನಲ್ಲಿ 1990ರ ದಶಕದವರೆಗೂ ದುಡಿದವು.

ತಮಾಷೆ ಅಂದ್ರೆ ಶಂಟಿಂಗಿಗೆ ಸೂಪರ್‌ಹೀಟರಿನಿಂದ ದೊಡ್ಡ ಲಾಭ ಇಲ್ಲ. ಅದು ಬಿಸಿ ಏರಬೇಕಾದರೆ ಎಂಜಿನ್ ಒಂದೇ ಸಮನೆ ಓಡಬೇಕು. ಯಾರ್ಡಿನಲ್ಲಿ ಎರಡು ನಿಮಿಷ ಓಟ, ಐದು ನಿಮಿಷ ನಿಲುವು. ಅಂದರೆ ನಮ್ಮವರು ಪರಿವರ್ತನೆ ಮಾಡಿದ್ದು ಮೈನ್ ಲೈನಿಗೆ, ಕೊನೆಗೆ ಅದು ದುಡಿದಿದ್ದು ಯಾರ್ಡಿನಲ್ಲಿ. ಇಲಿನಾಯ್ ಸೆಂಟ್ರಲ್‌ನವರ ಹಾಗೆ ಮುಂದಿನ ಚಕ್ರ ಕಿತ್ತು ಶಂಟಿಂಗಿಗೇ ಕಟ್ಟುವ ಗೋಜಿಗೆ ನಮ್ಮವರು ಹೋಗಬೇಕಾದ ಅಗತ್ಯವೂ ಕಡಿಮೆ ಇತ್ತು. 1950ರಲ್ಲಿ ಚಿತ್ತರಂಜನ್ ಕಾರ್ಖಾನೆಯಿಂದ ಮೊದಲ ಡಬ್ಲ್ಯುಜಿ ಹೊರಬಂತು. 1970ರವರೆಗೆ ಎಲ್ಲ ಕಾರ್ಖಾನೆಗಳದ್ದೂ ಸೇರಿ 2,450 ಡಬ್ಲ್ಯುಜಿ ಗೂಡ್ಸ್ ಎಂಜಿನ್‌ಗಳು ಬಂದವು. ಹೊಸದು ಮೇಲೆ ಬಂದ ಹಾಗೆ ಹಳೆಯದು ಒಂದೊಂದೇ ಮೆಟ್ಟಿಲು ಕೆಳಗೆ. ಮೇಲಿಂದ ನೂಕುತ್ತಿದ್ದರೆ ಯಾರ್ಡಿಗೆ ಎಂಜಿನ್ ಬರ ಎಲ್ಲಿಂದ?

ನಮ್ಮ ಮೀಟರ್ ಗೇಜಿನಲ್ಲೂ ಇದೇ ಸಾಲು. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬಂದ ಹಳಿ ಮೀಟರ್ ಗೇಜಿನದು. ಅಲ್ಲಿಂದ ಅರಸೀಕೆರೆ, ಹಾಸನ, ಆ ಕಡೆ ಹುಬ್ಬಳ್ಳಿ, ಕ್ಯಾಸಲ್‌ರಾಕ್ ಎಲ್ಲ ಅದೇ ಗೇಜು. 1950ರ ದಶಕದಲ್ಲಿ ಪ್ಯಾಸೆಂಜರಿಗೆ ವೈಪಿ, ಗೂಡ್ಸಿಗೆ ವೈಜಿ ಬಂದಾಗ ಮೊದಲಿದ್ದ ಸಣ್ಣ ಎಂಜಿನ್‌ಗಳು ಯಾರ್ಡಿಗೆ ಇಳಿದವು. ಡೀಸೆಲ್ ವೈಡಿಎಂ4 ಬಂದಾಗ ವೈಜಿಯ ಸರದಿ. ನಾನು ಆ ಬೇಸಿಗೆಯಲ್ಲಿ ನೋಡಿದ್ದು ಅಂಥದೇ ಒಂದು ವೈಜಿ. 2-8-2. ಮುಂದಿನ ಸಣ್ಣ ಚಕ್ರ ಹಾಗೇ ಇತ್ತು, ದಾರಿ ತೋರಿಸಲು ದಾರಿಯೇ ಇಲ್ಲದೆ.

ಮೊದಲ ಸಲ ಅಮೆರಿಕದ 0-8-2 ಫೋಟೋ ಪ್ರಿಂಟ್ ತೆಗೆದು ಮಾವನಿಗೆ ತೋರಿಸಿದಾಗ ಅವರು ರಿಟೈರ್ ಆಗಿ ಊರಲ್ಲಿದ್ದರು. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ನಾನು ತಿಳಿದುಕೊಂಡ ಲೆಕ್ಕವನ್ನೆಲ್ಲ ಉತ್ಸಾಹದಲ್ಲಿ ಹೇಳಿದೆ. ಮಾವ ಎಲ್ಲ ಕೇಳಿ, "ಇದನ್ನು ಮತ್ತೆ ಮೈನ್ ಲೈನಿಗೆ ಬಿಡ್ಲಿಕ್ಕಾಗುದಿಲ್ಲ ಅಲ್ವಾ?" ಅಂದರು. ಆಗುವುದಿಲ್ಲ, ಮುಂದಿನ ಚಕ್ರ ಇಲ್ಲದೆ ವೇಗವಾಗಿ ಓಡಿಸಿದರೆ ಹಳಿ ತಪ್ಪಬಹುದು ಅಂದೆ. "ಹಾಗಾದ್ರೆ ನಮ್ಮದೇ ಸರಿ. ನಮ್ಮ ವೈಜಿಯನ್ನು ಡೀಸೆಲ್ ಕೆಟ್ಟ ದಿನ ಲೈನಿಗೆ ಬಿಟ್ಟಿದ್ದೇವೆ. ಹೋಗಿ ಬಂದಿದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ವೆಚ್ಚ, ಎಳೆತ, ಟನ್ ಲೆಕ್ಕದಲ್ಲಿ ಅಮೆರಿಕದವರದ್ದೇ ಜಾಣತನ ಅಂತ ನಾನು ಈಗಲೂ ವಾದಿಸುತ್ತೇನೆ. ಆದರೆ ಮಾವ ಕೇಳಿದ್ದು ಟನ್ನಿನ ಲೆಕ್ಕ ಅಲ್ಲ ಅಂತ ಮನೆಗೆ ಬಂದ ಮೇಲೆ ಹೊಳೆಯಿತು.

ಅಂದ ಹಾಗೆ, ಶಂಟಿಂಗ್ ಅನ್ನೋದು ಎಂಜಿನ್ನಿನ ಕೆಲಸವೇ ಆಗಬೇಕಂತಿಲ್ಲ. ಭಾರತದ ಕೆಲವು ಕಡೆ ಆನೆ ಹಣೆಕೊಟ್ಟು ವ್ಯಾಗನ್ ತಳ್ಳುವ ಹಳೇ ಫೋಟೋಗಳಿವೆ. ನಮ್ಮ ದುಬಾರೆ ಕಡೆಯ ಆನೆಗಳು ಕಾಡಿನಲ್ಲಿ ಮರದ ದಿಮ್ಮಿ ಎಳೆಯುತ್ತಿದ್ದುದೂ ಒಂಥರಾ ಶಂಟಿಂಗೇ. ಈಗ ಅವನ್ನು ನೋಡಲು ಪ್ರವಾಸಿಗರು ಬರ್ತಾರೆ, ದಿಮ್ಮಿ ಎಳೆಯುವ ಕೆಲಸ ಹೋಯ್ತು. (ಆನೆಗೆ ಸೂಪರ್‌ಹೀಟರ್ ಬೇಕಿಲ್ಲ ಅನ್ನೋದು ದೊಡ್ಡ ಲಾಭ :-) )

ಕೊಡಗಿಗೆ ರೈಲು ಬರುತ್ತದೆ ಅನ್ನುವ ಮಾತು ನಾನು ಹುಟ್ಟುವ ಮೊದಲಿನಿಂದ ಇದೆ. ಮೈಸೂರು-ತಲಶ್ಶೇರಿ ಅಂತ ಒಂದು, ಮೈಸೂರು-ಕುಶಾಲನಗರ ಅಂತ ಇನ್ನೊಂದು. 2019ರಲ್ಲಿ ಸುಮಾರು 87 ಕಿ.ಮೀ. ಉದ್ದದ ಕುಶಾಲನಗರ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿತು ಅಂತ ಪೇಪರಿನಲ್ಲಿ ಬಂದಾಗ ಮಾವನಿಗೆ ಫೋನ್ ಮಾಡಿದ್ದೆ. ಕಾಡು, ಆನೆ ದಾರಿ ಅಂತ ವಿರೋಧಿಸುವವರ ಮಾತಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ, ಅದು ಬೇರೆ ಜಗಳ. ಮಾವ ಮಾತ್ರ ಕೇಳಿದ್ದು ಒಂದೇ, "ಕುಶಾಲನಗರದಲ್ಲಿ ಯಾರ್ಡ್ ಎಷ್ಟು ಲೈನಿನದಂತೆ?" ಕುಶಾಲನಗರದಲ್ಲಿ ರೈಲು ಇನ್ನೂ ಕೂಗಿಲ್ಲ. ಅಲ್ಲಿ ಯಾವತ್ತಾದರೂ ಯಾರ್ಡ್ ಆದರೂ ಉಗಿ ಎಂಜಿನ್ ಬರೋದಿಲ್ಲ ಬಿಡಿ. ಬ್ರಾಡ್ ಗೇಜಿನಲ್ಲಿ ದಿನನಿತ್ಯದ ಉಗಿ ಗಾಡಿ 1995ರಲ್ಲೇ ಮುಗಿಯಿತು, ಮೀಟರ್ ಗೇಜಿನಲ್ಲಿ ಇನ್ನೂ ಕೆಲವು ವರ್ಷ ಉಳಿದಿತ್ತು.

ಕಳೆದ ಸಲ ಮಾವನನ್ನು ಕಣ್ಣಿನ ಪೊರೆಯ ಆಪರೇಷನ್ನಿಗೆ ಮೈಸೂರಿಗೆ ಕರೆತಂದಾಗ, ಪಟ್ಟಿ ಬಿಚ್ಚಿದ ಮೇಲೆ, ರೈಲ್ವೆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಸ್ಟೇಷನ್ ಹತ್ತಿರವೇ ಇದೆ, 1979ರಲ್ಲಿ ಶುರುವಾದದ್ದು. ಮಕ್ಕಳು ಎಂಜಿನ್ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದವು. ಬಣ್ಣ ಬಳಿದು ಫಳಫಳ ಮಾಡಿದ್ದ ಎಂಜಿನ್‌ಗಳನ್ನು ಮಾವ ಮೇಲಿಂದ ನೋಡಲೇ ಇಲ್ಲ. ಒಂದೊಂದರ ಪಕ್ಕವೂ ಬಗ್ಗಿ, ಚಕ್ರದ ಅಂಚಿಗೆ ಹೆಬ್ಬೆರಳು ಒತ್ತಿ ನೋಡುತ್ತಾ ಹೋದರು. ಯಾರ್ಡಿನ ತಿರುವುಗಳಲ್ಲಿ ತಿಕ್ಕಿ ತಿಕ್ಕಿ ಅಂಚು ಸವೆದು ಚೂಪಾಗುತ್ತದಂತೆ. ಮೂರನೆಯದರ ಹತ್ತಿರ ನಿಂತು, ಕೈ ಒರೆಸಿಕೊಂಡು, "ಇದು ಕೊನೆಕೊನೆಗೆ ಶಂಟಿಂಗ್ ಮಾಡಿದೆ" ಅಂದರು.

ಬೋರ್ಡಿನಲ್ಲಿ ಅದೇನೂ ಬರೆದಿರಲಿಲ್ಲ.